ಹದಿನೇಳನೆಯ ಹಾಳೆ

ಈ ಮೂಲಕ ಓದುಗರ ಅವಗಾಹನೆಗೆ ತರಬಯಸುವುದೇನೆಂದರೆ, ಕಳೆದ ಸೋಮವಾರ ಹೊನ್ನಾಳಿಯಲ್ಲಿ ನಾನು ಪಾಠ ಮಾಡುವ ತರಗತಿಯಲ್ಲಿ ನೆಲಕ್ಕೆ ಬಿದ್ದಿದ್ದ ರಬ್ಬರೊಂದನ್ನು ಎತ್ತಿಕೊಂಡೆ. ಅದರ ಸ್ಟ್ರಾಬೆರಿ ವಾಸನೆಗೆ ನನ್ನ ಹೈಸ್ಕೂಲಿನ ಬೆಂಚಿನ ಗೆಳತಿ ನೆನಪಾದಳು. ಇಂಥದನ್ನು ಹಿಂದೆ ಎಂದೂ ಬರೆದವಳಲ್ಲ. ಲೋಪವಿದ್ದಲ್ಲಿ ಮನ್ನಿಸಬೇಕಾಗಿ ವಿನಂತಿ.

ಆಗ ನಾವು ಚನ್ನಗಿರಿ ತಾಲ್ಲೂಕಿನ ಶಾಲೆಯೊಂದರಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದೆವು. ಆರು ತಿಂಗಳಿಗೊಮ್ಮೆ ಮಕ್ಕಳ ಮನಸ್ಸಿನ ಆರೋಗ್ಯ ವಿಚಾರಿಸಲು ದಾವಣಗೆರೆಯಿಂದ ಒಬ್ಬ ಅಕ್ಕ ಪ್ರಶ್ನೆಗಳ ಹಾಳೆ ಹಿಡಿದು ಬರುತ್ತಿದ್ದರು. ಕಳೆದ ಎರಡು ವಾರಗಳಲ್ಲಿ ನಿದ್ದೆ ಕೆಟ್ಟಿತೇ, ಊಟ ಬೇಡವಾಯಿತೇ, ಅಳು ಬಂತೇ, ಬದುಕು ಬೇಡವೆನಿಸಿತೇ... ಪ್ರತಿಯೊಂದಕ್ಕೂ ‘ಇಲ್ಲವೇ ಇಲ್ಲ’ ಎಂಬಲ್ಲಿಂದ ‘ದಿನವೂ’ ಎಂಬಲ್ಲಿಯವರೆಗೆ, ಪೆನ್ಸಿಲಿನಿಂದ ಗುರುತು ಹಾಕಲು ನಾಲ್ಕು ಚೌಕಗಳು. ಹೆಸರಿಲ್ಲ, ಸಂಖ್ಯೆ ಮಾತ್ರ. ನನ್ನದು ಹದಿನಾರು, ಅವಳದು ಹದಿನೇಳು. ಪ್ರತಿ ಸಲವೂ ಅದೇ ಪ್ರಶ್ನೆ, ಅದೇ ಸಂಖ್ಯೆ ಇದ್ದರೆ ಮಾತ್ರ ಯಾರ ಮನಸ್ಸು ಎಷ್ಟು ಕುಸಿದಿದೆಯೆಂದು ತಿಳಿಯುತ್ತದೆ ಎಂದು ಅಕ್ಕ ವಿವರಿಸಿದ್ದರು.

“ಗಂಡುಡುಗ್ರು ಅಳ್ತಾರೇನಕ್ಕಾ?” ಎಂದು ಹಿಂದಿನ ಬೆಂಚು ನಕ್ಕಿತ್ತು.

“ಅತ್ತಿದ್ರೆ ಅತ್ತೀನಂತ ಬರೀರಪ್ಪಾ. ಇಲ್ಲಿ ಯಾರೂ ನೋಡಾಕಿಲ್ಲ,” ಎಂದಿದ್ದರು ಅಕ್ಕ.

ಆದರೆ ನಾನು ನೋಡಿದೆ. ತರಗತಿಯ ಲೀಡರಾಗಿದ್ದ ನನಗೆ ಹಾಳೆಗಳನ್ನು ಕೂಡಿಸಿಕೊಡುವ ಕೆಲಸವಿತ್ತು. ಶಾಲೆಗೆ ಕೆಟ್ಟ ಹೆಸರು ಬರಬಾರದೆಂದು ಮೇಷ್ಟ್ರು ಎಚ್ಚರಿಸಿದ್ದರು. ಮೊದಲ ಸಲ ‘ಇಲ್ಲವೇ ಇಲ್ಲ’ ಎಂದಿದ್ದ ಗೆಳತಿಯ ಗುರುತುಗಳು ಎರಡನೆಯ ಸಲ ‘ದಿನವೂ’ ಎಂಬಲ್ಲಿದ್ದವು. ಕಂಡು ಹೆದರಿದೆ. ವರಾಂಡದಲ್ಲಿ ನಿಂತು, ಅವಳೇ ಕೊಟ್ಟಿದ್ದ ವಾಸನೆಯ ರಬ್ಬರಿನಿಂದ ಅಳಿಸಿ, ಮೊದಲಿದ್ದಂತೆಯೇ ಗುರುತು ಹಾಕಿದೆ. ಅವಳಿಗೆ ಒಳ್ಳೆಯದನ್ನೇ ಮಾಡಿದೆನೆಂದು ನಂಬಿದ್ದೆ.

ಮರುವಾರ ಅಕ್ಕ ಬಂದು, ‘ದಿನವೂ’ ಎಂದು ಗುರುತು ಹಾಕಿದ್ದ ನಾಲ್ವರನ್ನು ಅವರವರ ಸಂಖ್ಯೆ ಹೇಳಿ ಒಬ್ಬೊಬ್ಬರಾಗಿ ಹೊರಗೆ ಕರೆದು ಮಾತಾಡಿಸಿದರು. ಗಂಟೆ ಹೊಡೆಯುವವರೆಗೂ ಗೆಳತಿ ಬಾಗಿಲನ್ನೇ ನೋಡುತ್ತಿದ್ದಳು.

“ನನ್ನ ಕರೀಲೇ ಇಲ್ಲಲ್ಲೇ... ಎಲ್ಲಾ ಬರೆದಿದ್ದೆ ಕಣೇ,” ಎಂದಳು.

ನಾನು ಪುಸ್ತಕ ಜೋಡಿಸಿಕೊಳ್ಳುತ್ತಿದ್ದೆ.

ಮೂರನೆಯ ಸಲ ಅಕ್ಕ ಬರುವಷ್ಟರಲ್ಲಿ ಅವಳು ತಾನಾಗಿಯೇ ಜೀವ ಕಳೆದುಕೊಂಡಿದ್ದಳು. ಹದಿನೇಳನೆಯ ಹಾಳೆ ಖಾಲಿ ಉಳಿಯಿತು. ಅಕ್ಕ ಹಿಂದಿನ ಎರಡೂ ಹಾಳೆಗಳನ್ನು ಮುಂದಿಟ್ಟುಕೊಂಡು, ತಾವು ಎಲ್ಲಿ ತಪ್ಪಿದೆವೋ ಎಂದು ಅತ್ತರು. ಅಂದೂ ನಾನು ಹೇಳಲಿಲ್ಲ.

ಸೋಮವಾರ ಅಂಥವೇ ಹಾಳೆಗಳು ನನ್ನ ತರಗತಿಗೆ ಬಂದಿದ್ದವು. ಬರೆದವರೇ ಲಕೋಟೆಗೆ ಹಾಕಿ ಅಂಟಿಸತಕ್ಕದ್ದು ಎಂದು ತಿಳಿಸಿದೆ. ರಬ್ಬರು ಕಳೆದುಕೊಂಡ ಹುಡುಗಿ, “ತಪ್ಪಾದ್ರೆ ಹೆಂಗ್ರೀ ಮಿಸ್?” ಎಂದಳು. ಇದರಲ್ಲಿ ತಪ್ಪು ಎಂಬುದೇ ಇಲ್ಲವೆಂದೆ. ಅವಳು ಕೈ ಮರೆಮಾಡಿಕೊಂಡು ಬರೆಯತೊಡಗಿದಳು. ನಾನು ಕಿಟಕಿಯ ಕಡೆ ತಿರುಗಿ ನಿಂತೆ.

ನನ್ನ ಗೆಳತಿ ಬರೆದದ್ದೇನೆಂದು ಬಲ್ಲವಳು ಈಗ ನಾನೊಬ್ಬಳೇ. ಅಳಿಸಿದ್ದನ್ನು ಇದ್ದ ಹಾಗೆಯೇ ಇಲ್ಲಿ ದಾಖಲಿಸುತ್ತಿದ್ದೇನೆ. ನಿದ್ದೆ ಕೆಟ್ಟಿತು, ದಿನವೂ. ಊಟ ಬೇಡವಾಯಿತು, ದಿನವೂ. ಅಳು ಬಂತು, ದಿನವೂ. ಬದುಕು ಬೇಡವೆನಿಸಿತು... ದಿನವೂ.