ಕಾಗದದ ಮೇಲಿನ ಜಪಾನಿ ಹೆಸರು

ನಿಮ್ಮ ಅಪ್ಪನಿಗೊಬ್ಬ ಅಕ್ಕ ಇದ್ದಳು, ಮಕ್ಕಳೇ. ನಿಮಗೆ ಇದನ್ನು ಯಾರೂ ಹೇಳಿಲ್ಲ. ಎದುರಿಗೆ ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ಸೊಲ್ಲಾಪುರದ ಮಿಲ್ಲಿಗೆ ಸೇರುವ ಮೊದಲು ದಂಡಿನಲ್ಲಿದ್ದರು. ಮಹಾಯುದ್ಧ ಮುಗಿದ ಮೇಲೆ ಅವರ ಪಲ್ಟನ್ನನ್ನು ಜಪಾನಿಗೆ ಕಳಿಸಿದ್ದರು. ಅಲ್ಲಿಂದ ಅವರು ತಂದದ್ದು ಒಂದು ಕಂಬಳಿ, ಒಂದಿಷ್ಟು ಹೆಸರು. ಊಟಕ್ಕೆ ಕೂತಾಗ ಹೇಳುತ್ತಿದ್ದರು: ಇಚಿರೋ ಅಂದರೆ ಮೊದಲ ಮಗ, ಸಬುರೋ ಅಂದರೆ ಮೂರನೆಯವನು. "ಕುರಿ ಎಣಿಸಿದಂಗ ಆತಲ್ಲೋ" ಎಂದು ಅತ್ತೆ ನಗುತ್ತಿದ್ದರು.

ನನ್ನ ಮೊದಲ ಎರಡು ಕೂಸು ವರ್ಷ ತುಂಬುವುದರೊಳಗೆ ಹೋದವು. ಮೂರನೆಯವಳು ಅಕ್ಕಲಕೋಟದ ಹತ್ತಿರ ನನ್ನ ತವರಿನಲ್ಲಿ ಹುಟ್ಟಿದಳು. ಐದನೆಯ ದಿನ ಅತ್ತೆ ಬಂದು ಕೂಸನ್ನು ಮೊರದಲ್ಲಿ ಮಲಗಿಸಿ ಹಿತ್ತಲ ತಿಪ್ಪೆಯ ಮೇಲಿಟ್ಟರು. ಪಕ್ಕದ ಮನೆಯ ಮುದುಕಿ ಎತ್ತಿಕೊಂಡು, "ಯಾರೋ ಒಗದು ಹೋದ ಕೂಸು, ಬೇಕೇನವ್ವ?" ಎಂದಳು. ಒಂದು ಬೊಗಸೆ ಜೋಳದ ನುಚ್ಚು ಕೊಟ್ಟು ನಾನು ತಗೊಂಡೆ. ಯಾರಿಗೂ ಬೇಡವಾದ ಕೂಸಿನ ಕಡೆ ಸಾವು ತಿರುಗಿ ನೋಡುವುದಿಲ್ಲ ಎಂಬ ನಂಬಿಕೆ. ಹೆಸರು ತಿಪ್ಪವ್ವ.

ರಜೆಯ ದಿನ ಬಂದ ನಿಮ್ಮ ಅಜ್ಜ ಇದನ್ನು ಕೇಳಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡರು. ಆಮೇಲೆ, "ಜಪಾನದಾಗೂ ಹಿಂಗ ಮಾಡ್ತಾರವ್ವ. ನಮ್ಮ ದಂಡಿನ ಛಾವಣ್ಯಾಗ ಕಸಾ ಹೊಡಿಯಾಕಿ ಮಗನ ಹೆಸರು ಸುತೆಕಿಚಿ. ಒಗದ ಕೂಸು ಅಂತ ಅರ್ಥ. ಆಕೀವೂ ಮೊದಲಿನ ಕೂಸು ಸತ್ತಿದ್ದವು" ಎಂದರು.

"ಹಂಗಿದ್ರ ಶಾಣ್ಯಾ ಮಂದಿ ಬಿಡು" ಎಂದರು ಅತ್ತೆ.

"ನನ್ನ ಮಗಳಿಗೆ ಮಾತ್ರ ತಿಪ್ಪಿ ಹೆಸರು ಬ್ಯಾಡ. ತ್ಸುರು ಅಂತ ಇಡೋಣು. ಕೊಕ್ಕರಿ ಅಂತ ಅರ್ಥ. ಅದು ಸಾವಿರ ವರ್ಷ ಬಾಳತದ ಅಂತಾರ ಅಲ್ಲಿ."

"ಕೊಕ್ಕರಿ? ನಾಳೆ ಕನ್ಯಾ ನೋಡಾಕ ಬಂದವರು ಮೊದಲ ಕಾಲು ಅಳೀತಾರ" ಎಂದರು ಅತ್ತೆ. ಆದರೆ ಮಗನ ಮುಖ ನೋಡಿ ಸ್ವಲ್ಪ ಸಡಿಲಾದರು. "ಕಾಗದದಾಗ ಏನರ ಬರಕೊ. ಬಾಯಿಲೆ ಯಾರೂ ಕರೀಬಾರದು. ಯಾರರ ಕರದ್ರ ಮನ್ಯಾಗಿನವರು ಓ ಅನಬಾರದು. ಓ ಅಂದ್ರ ಸಾವಿಗೆ ಗುರ್ತ ಹೇಳಿದಂಗ."

ಅವರು ನಕ್ಕು ಒಪ್ಪಿದರು. ದಾಖಲೆಯಲ್ಲಿ ತ್ಸುರು, ಸೊಲ್ಲಾಪುರದ ನಮ್ಮ ಚಾಳಿನ ಸಾಲುಮನೆಗಳಲ್ಲಿ ತಿಪ್ಪವ್ವ. ವರ್ಷ ದಾಟಿತು, ಎರಡೂ ದಾಟಿತು. ಬೀಡಿ ಕಟ್ಟುವ ಹೆಂಗಸರ ಮೊರದಿಂದ ಎಲೆ ಕದ್ದು ಓಡುತ್ತಿದ್ದಳು.

ಆ ಚಳಿಗಾಲದಲ್ಲಿ ಅವಳ ಗಂಟಲು ಕಟ್ಟಿತು. ನಿಮ್ಮ ಅಜ್ಜ ಬೆಳಿಗ್ಗೆ ನಮ್ಮನ್ನು ದವಾಖಾನೆಗೆ ಕರೆತಂದು, ಚೀಟಿ ಬರೆಸಿಕೊಟ್ಟು, ಮಿಲ್ಲಿನ ಭೋಂಗಾ ಕೂಗುತ್ತಲೇ ಪಾಳಿಗೆ ಓಡಿದರು. ಪಡಸಾಲೆಯ ಬಾಕಿನ ಮೇಲೆ ಅತ್ತೆ, ನಾನು, ತೊಡೆಯ ಮೇಲೆ ಅವಳು. ಉಸಿರು ಗೊರಗೊರ ಅನ್ನುತ್ತಿತ್ತು.

ಒಳಗಿನಿಂದ ಜವಾನ ಬಂದು ಚೀಟಿ ನೋಡಿ ಕರೆದ: "ತ್ಸುರು."

ಅತ್ತೆ ನನ್ನ ಮುಂಗೈ ಹಿಡಿದರು. ಅವನು ಮತ್ತೊಮ್ಮೆ ಕರೆದ. "ಹೇ ಕಸಲಂ ನಾವ?" ಇದೆಂಥ ಹೆಸರು ಎಂದು ಮರಾಠಿಯಲ್ಲಿ ನಕ್ಕ. ಕೂತವರೂ ನಕ್ಕರು. ಮೂರನೆಯ ಸಲ ಕರೆದು, ಚೀಟಿಯನ್ನು ಎಲ್ಲದರ ಕೆಳಗೆ ಸೇರಿಸಿದ.

ಅತ್ತೆಯ ಮೇಲೆ ಇದನ್ನು ಹಾಕಲಾರೆ. ಆ ಮುದಿ ಕೈ ಬಿಡಿಸಿಕೊಳ್ಳುವಷ್ಟು ಬಲ ನನಗಿತ್ತು. ಆದರೆ ಎರಡು ವರ್ಷ ಕೂಸು ಉಳಿದದ್ದೇ ಆ ನೇಮದಿಂದ ಎಂದು ನಾನೂ ನಂಬಿದ್ದೆ. ಅಷ್ಟು ಜನರ ನಡುವೆ ಎದ್ದು ನಿಲ್ಲಲು ನಾಚಿಕೆಯೂ ಆಯಿತು. ಕಡೆಗೆ ನಮ್ಮನ್ನು ಕೈಸನ್ನೆಯಿಂದ ಕರೆದಾಗ ಹೊತ್ತು ನೆತ್ತಿಗೆ ಬಂದಿತ್ತು. ಡಾಕ್ಟರು ಅವಳ ಬಾಯಿ ತೆರೆದು ನೋಡಿ, ಸ್ವಲ್ಪ ಮೊದಲೇ ತರಬೇಕಿತ್ತು ಎಂದರು. ಮಿಲ್ಲು ಬಿಡುವ ಮೊದಲೇ ಅವಳು ಹೋದಳು.

"ಮುಂಜಾನೆನ ಚೀಟಿ ಬರಸಿದ್ದೆ, ಅಷ್ಟು ಹೊತ್ತು ಒಳಗ ಯಾಕ ಕರೀಲಿಲ್ಲ?" ಎಂದು ನಿಮ್ಮ ಅಜ್ಜ ಕೇಳಿದರು. ಅತ್ತೆ, "ನಮಗ ಕರೀಲೇ ಇಲ್ಲಪಾ" ಎಂದರು. ನಾನು ನೆಲ ನೋಡಿದೆ.

ಆ ಜವಾನನನ್ನು ಅವರು ಬದುಕಿದಷ್ಟು ಕಾಲವೂ ಬೈದರು. ನಾನು ಪಕ್ಕದಲ್ಲೇ ರೊಟ್ಟಿ ಬಡಿಯುತ್ತ ಕೇಳುತ್ತಿದ್ದೆ. ಅವನದೇನೂ ತಪ್ಪಿರಲಿಲ್ಲ. ಅವನು ಕರೆದಿದ್ದ.