ಅಜ್ಜಿ ಕೊಟ್ಟಿದ್ದು

ವಿಶಾಖಪಟ್ಟಣದ ದ್ವಾರಕಾ ನಗರದ ಒಂದು ಕನ್ನಡಕದ ಅಂಗಡಿಯಲ್ಲಿ ಹೇಮಾಕ್ಷಿ ಇಪ್ಪತ್ತೆರಡು ವರ್ಷದಿಂದ ಕೆಲಸಕ್ಕಿದ್ದಾಳೆ. ಬಂದವರ ಮೂಗಿನ ಮೇಲೆ ಫ್ರೇಮು ಕೂರಿಸುವುದು, ಕಿವಿಯ ಹಿಂದೆ ಒತ್ತುತ್ತದೆಯೇ ಎಂದು ಕೇಳುವುದು, ಕಡ್ಡಿಯನ್ನು ಬಿಸಿಗೆ ಹಿಡಿದು ಬಗ್ಗಿಸುವುದು, ಇಷ್ಟು ಕೆಲಸ. ಎಲ್ಲವೂ ತೆಲುಗಿನಲ್ಲಿ. ಗದಗಿನ ಹೆಣ್ಣು ಎಂದರೆ ಗಿರಾಕಿಗಳು ನಂಬುವುದಿಲ್ಲ. "ಅವುನಾ? ಮೀರು ಮನವಾಳ್ಳೇ ಅನುಕುನ್ನಾ!" ಎನ್ನುತ್ತಾರೆ. ನೀವು ನಮ್ಮವರೇ ಅಂದುಕೊಂಡಿದ್ದೆ ಎಂಬ ಈ ಮಾತನ್ನು ಹೊಗಳಿಕೆ ಎಂದು ಒಪ್ಪಿಕೊಳ್ಳಲು ಅವಳು ಬಹಳ ವರ್ಷ ಕಷ್ಟಪಟ್ಟಳು. ನಡುವೆ ಎರಡು ವರ್ಷ ಮಾತ್ರ ಕೆಲಸ ಬಿಟ್ಟಿದ್ದಳು. ಆ ಎರಡು ವರ್ಷ ಅವಳಿಗೆ ಒಬ್ಬ ಮೊಮ್ಮಗನಿದ್ದ. ಈಗಲೂ ಇದ್ದಾನೆ, ಆದರೆ ಹಾಗೆ ಇಲ್ಲ.

ಔಷಧ ಕಂಪನಿಯ ರೆಪ್ ಆಗಿ ಗದಗಿಗೆ ಬರುತ್ತಿದ್ದ ಸತ್ಯಮೂರ್ತಿ ಅವಳನ್ನು ಕಂಡು ಮೆಚ್ಚಿ, ಮದುವೆಯಾಗಿ ವಿಶಾಖಪಟ್ಟಣಕ್ಕೆ ಕರೆತಂದಿದ್ದ. ಒಳ್ಳೆಯವನು, ಬಾಯಿಲ್ಲದವನು. ಮನೆಯ ಬಾಯಿಯೆಲ್ಲ ಅವನ ತಾಯಿ ಸೂರ್ಯಕಾಂತಮ್ಮನದು. ಮಗ ಯಶ್ವಂತ್ ಹುಟ್ಟಿದಾಗ ಸೂರ್ಯಕಾಂತಮ್ಮ ಬಾಣಂತಿಯ ಮಂಚದ ಪಕ್ಕದಲ್ಲೇ ತೀರ್ಪು ಕೊಟ್ಟಳು: ಎರಡು ಭಾಷೆ ಕಿವಿಗೆ ಬಿದ್ದರೆ ಕೂಸಿಗೆ ಮಾತು ತಡವಾಗುತ್ತದೆ, ಈ ಮನೆಯಲ್ಲಿ ತೆಲುಗು ಒಂದೇ. ಹೇಮಾಕ್ಷಿ ಹೂಂ ಅಂದಳು. ಜೋಗುಳವನ್ನು ಸಹ ಅತ್ತೆಯಿಂದ ಕಲಿತು ಹಾಡಿದಳು. ಆ ಹೂಂ ಅಂದದ್ದಕ್ಕೆ ತನ್ನನ್ನು ತಾನು ಅವಳು ಇವತ್ತಿಗೂ ಕ್ಷಮಿಸಿಲ್ಲ. ಅತ್ತೆ ಹೋದಳು, ನಾಲ್ಕು ವರ್ಷದ ಹಿಂದೆ ಗಂಡನೂ ಹೋದ. ತಾಯಿ ಯಾವ ಭಾಷೆಯಲ್ಲಿ ಅಳುತ್ತಾಳೋ ಆ ಭಾಷೆ ಬಾರದ ಮಗ ಉಳಿದ.

ಯಶ್ವಂತನ ಹೆಂಡತಿ ಹಾರಿಕಾ ವಿಜಯವಾಡದವಳು, ಭವಾನಿಪುರಂನ ಮಗಳು. ಇಬ್ಬರೂ ನೌಕರಿಯವರು. ಬೆಳಿಗ್ಗೆ ಒಂಬತ್ತಕ್ಕೆ ಅವರು ಬಾಗಿಲು ಎಳೆದುಕೊಂಡು ಹೋದರೆ ಮನೆಯಲ್ಲಿ ಹೇಮಾಕ್ಷಿ ಮತ್ತು ಕೂಸು ಚರಣ್. ಕೇಳುವವರು ಯಾರೂ ಇಲ್ಲ. ಮೂವತ್ತು ವರ್ಷ ತಡೆದಿಟ್ಟ ಕನ್ನಡವನ್ನೆಲ್ಲ ಅವಳು ಆ ಕೂಸಿನ ಮೇಲೆ ಸುರಿದಳು. ಕಾಗೆಯನ್ನು ಕನ್ನಡದಲ್ಲಿ ತೋರಿಸಿದಳು, ಅನ್ನವನ್ನು ಕನ್ನಡದಲ್ಲಿ ಕಲಸಿದಳು, ಕನ್ನಡದಲ್ಲೇ ಬೈದಳು. ಕೂಸು ಅವಳನ್ನು ತೆಲುಗು ಮಕ್ಕಳಂತೆ ನಾನಮ್ಮ ಅನ್ನಲಿಲ್ಲ, ಅಜ್ಜಿ ಅಂದಿತು. ಮೊದಲ ಸಲ ಅಂದ ದಿನ ಅವಳು ಒಲೆ ಆರಿಸಿ ಕೂತು ಅತ್ತಳು.

ಆದರೆ ಸಂಜೆ ತಾಯಿತಂದೆ ಬರುತ್ತಿದ್ದರಲ್ಲ. ಹಾಗಾಗಿ ಅವನ ಮಾತಿಗೆ ತಲೆ ಅಜ್ಜಿಯದು, ಬಾಲ ಅಮ್ಮನದು. ಬೆಕ್ಕು ಹೋದರೆ "ಬೆಕ್ಕು ಹೋಗಿಂದಿ" ಅನ್ನುತ್ತಿದ್ದ. ಹೇಮಾಕ್ಷಿಗೆ ನಕ್ಕು ಸಾಕಾಗುತ್ತಿತ್ತು. ಹಾರಿಕಾ ನಗುತ್ತಿರಲಿಲ್ಲ. "ವೀಡಿಕಿ ತೆಲುಗು ಎಪ್ಪುಡೊಸ್ತುಂದಿ ಅತ್ತಯ್ಯಾ?" ಇವನಿಗೆ ತೆಲುಗು ಬರುವುದು ಯಾವಾಗ ಎಂದು ಕೇಳುತ್ತಿದ್ದಳು. ಅವಳ ತಾಯಿ ಕನಕಲಕ್ಷ್ಮಿ ಪ್ರತಿ ಭಾನುವಾರ ಫೋನಿನಲ್ಲಿ ಅದಕ್ಕೆ ಔಷಧ ಹೇಳುತ್ತಿದ್ದಳು: ಹುಡುಗನನ್ನು ವಿಜಯವಾಡಕ್ಕೆ ಕಳಿಸಿ, ನಾನು ನೋಡಿಕೊಳ್ಳುತ್ತೇನೆ. ಮನೆಯವರೆಲ್ಲ ನಾಲ್ಕು ದಿನದ ಸಿಂಗಾಪುರ ಪ್ರವಾಸಕ್ಕೆ ಹೊರಟಿದ್ದರು, ಅಲ್ಲಿಂದ ಬಂದ ಮೇಲೆ ತೀರ್ಮಾನ ಮಾಡೋಣ ಎಂದು ಯಶ್ವಂತ್ ಮುಂದೂಡಿದ್ದ. ಅದು ಹೇಮಾಕ್ಷಿಗೆ ಗೊತ್ತಿತ್ತು. ನಾಲ್ಕು ದಿನ ಮೈಯೆಲ್ಲ ಕಣ್ಣಾಗಿರಬೇಕು, ತಪ್ಪು ಹುಡುಕಲು ಜಾಗ ಕೊಡಬಾರದು ಎಂದುಕೊಂಡೇ ಅವಳು ವಿಮಾನ ಹತ್ತಿದಳು. ಕನಕಲಕ್ಷ್ಮಿಯೂ ಜೊತೆಗಿದ್ದಳು.

ತಪ್ಪು ಮಾತ್ರ ಅವಳ ಚೀಲದಲ್ಲೇ ಇತ್ತು. ಮೂರು ವರ್ಷ ತುಂಬುವ ತನಕ ಮಗುವಿಗೆ ಸಿಹಿ ಕೂಡದು, ಬೆಲ್ಲವೂ ಕೂಡದು ಎಂದು ಹಾರಿಕಾಳ ಕಟ್ಟಪ್ಪಣೆ. ಬೆಲ್ಲ ಕೊಡದೆ ಮಗು ಸಾಕುವುದು ಹೇಗೆಂಬುದೇ ಹೇಮಾಕ್ಷಿಗೆ ತಿಳಿಯದು. ಅನಕಾಪಲ್ಲಿಯ ಬೆಲ್ಲದ ನಾಲ್ಕು ಚೂರು ಸಣ್ಣ ಡಬ್ಬಿಯಲ್ಲಿ ಹಾಕಿ ಔಷಧಿಯ ನಡುವೆ ಇಟ್ಟಿದ್ದಳು.

ಎರಡನೆಯ ದಿನ ಒಂದು ದೊಡ್ಡ ಉದ್ಯಾನ. ಉಳಿದ ಮೂವರೂ ಫೋಟೋ ತೆಗೆಸಿಕೊಳ್ಳಲು ಹೂವಿನ ಕಮಾನಿನ ಕಡೆ ಹೋದರು. ಕೂಸನ್ನು ಹೇಮಾಕ್ಷಿಗೆ ಬಿಟ್ಟರು. ಪಾರಿವಾಳ ಕಂಡದ್ದೇ ತಡ ಚರಣ್ ಕೈ ಕೊಸರಿಕೊಂಡು ಓಡಿದ, ಕಲ್ಲುಬೆಂಚಿನ ಅಂಚಿಗೆ ಮುಖ ಬಡಿದುಕೊಂಡ. ತುಟಿ ಒಡೆಯಿತು, ಕೆನ್ನೆ ಕೆಂಪಾಗಿ ಊದಿತು. ಅವನ ಕೂಗಿಗೆ ಜನ ತಿರುಗಿ ನೋಡಿದರು. ಹೇಮಾಕ್ಷಿ ಓಡಿ ಹೋಗಿ ಅವನನ್ನು ಎತ್ತಿಕೊಂಡಳು. ಸೆರಗಿನಿಂದ ರಕ್ತ ಒರೆಸಿ, ಡಬ್ಬಿ ತೆಗೆದು ಒಂದು ಚೂರು ಬೆಲ್ಲ ಅವನ ಬಾಯಿಗಿಟ್ಟಳು. ಕೂಗು ನಿಂತಿತು.

ಹಾರಿಕಾ ಓಡಿ ಬಂದಳು, ಕಿರುಚಿದಳು, ಆಮೇಲೆ ಎಲ್ಲರೂ ಒಂದು ಕ್ಲಿನಿಕ್‌ಗೆ ಹೋದರು. ಗಾಯ ದೊಡ್ಡದಲ್ಲ, ಹೊಲಿಗೆ ಬೇಡ ಎಂದರು ಡಾಕ್ಟರಮ್ಮ. ಅಲ್ಲಿಗೆ ಮುಗಿಯಬೇಕಿತ್ತು. ಅಲ್ಲಿದ್ದ ನರ್ಸಿನ ಹಿರಿಯರು ತೆಲುಗಿನವರಂತೆ. ಇವರ ಮಾತು ಕೇಳಿ ಆಕೆಗೆ ಸಂತೋಷವಾಗಿ, ಮಗುವಿನ ಗಲ್ಲ ಹಿಡಿದು ಮುದ್ದಿನಿಂದ ಕೇಳಿದಳು: "ಏಮೈಂದಿ ನಾನ್ನಾ ಇಕ್ಕಡ?" ಏನಾಯಿತು ಕಂದ ಇಲ್ಲಿ?

ಚರಣ್ ಬಾಯಿಯ ಸಿಹಿ ಇನ್ನೂ ನೆಕ್ಕುತ್ತಿದ್ದ. ತುಟಿಯ ಮೇಲೆ ಬೆರಳಿಟ್ಟು, ಇನ್ನೊಂದು ಕೈಯಿಂದ ಹೇಮಾಕ್ಷಿಯನ್ನು ತೋರಿಸಿ ಹೇಳಿದ: "ಅಜ್ಜಿ ಕೊಟ್ಟಿಂದಿ."

ಅಜ್ಜಿ ಕೊಟ್ಟಳು ಎಂದು ಅವನ ಲೆಕ್ಕ. ತಲೆ ಕನ್ನಡ, ಬಾಲ ತೆಲುಗು. ಆದರೆ ತೆಲುಗಿನ ಕಿವಿಗೆ ಆ ಕೊಟ್ಟಿಂದಿ ಪೂರ್ತಿ ತೆಲುಗು, ಒಂದೇ ಅರ್ಥ: ಹೊಡೆದಳು. ಕೊಡ್ತಾ ಎಂದರೂ ಅಲ್ಲಿ ಹೊಡೆಯುತ್ತೇನೆ ಎಂದೇ. ನರ್ಸಿನ ನಗು ಇಳಿಯಿತು. ಆಕೆ ಡಾಕ್ಟರ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದಳು. ಡಾಕ್ಟರು ಪೆನ್ನಿನ ಮುಚ್ಚಳ ತೆಗೆದು, ಎಲ್ಲರೂ ಕೂತುಕೊಳ್ಳಿ ಎಂದರು.

"ಅಯ್ಯೋ, ಇಲ್ಲ!" ಹೇಮಾಕ್ಷಿ ಕನ್ನಡದಲ್ಲೇ ಕೂಗಿದಳು. ಆಮೇಲೆ ತೆಲುಗಿನಲ್ಲಿ ತಡವರಿಸಿದಳು. ನಮ್ಮಲ್ಲಿ ಕೊಟ್ಟಳು ಅಂದರೆ ಕೈಗಿಟ್ಟಳು ಅಂತ, ಹೊಡೆದಳು ಅಂತಲ್ಲ. ಕನಕಲಕ್ಷ್ಮಿ ಕಿಟಕಿಯ ಕಡೆ ನೋಡಿ, ತೆಲುಗಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ, "ಸಮಯಕ್ಕೆ ಒಳ್ಳೆ ಅರ್ಥ ಸಿಕ್ಕಿತು" ಎಂದಳು.

"ಹಾಗಾದರೆ ಏನು ಕೊಟ್ಟಿರಿ?" ಹಾರಿಕಾ ಕೇಳಿದಳು.

ಹೇಮಾಕ್ಷಿ ಡಬ್ಬಿ ತೆಗೆದು ತೋರಿಸಿದಳು. "ಬೆಲ್ಲಂ."

ಹಾರಿಕಾಳ ಮುಖ ನೋಡಿದ ಮೇಲೆ, ಹೊಡೆದೆ ಎಂದಿದ್ದರೇ ಚೆನ್ನಾಗಿತ್ತೇನೋ ಅನಿಸಿತು. ಒಂದು ಸುಳ್ಳು ತಪ್ಪಿನಿಂದ ಪಾರಾಗಲು ಒಂದು ನಿಜವಾದ ತಪ್ಪನ್ನು ಒಪ್ಪಿಕೊಂಡಿದ್ದಳು, ಈಗ ಎರಡೂ ತಪ್ಪು ಅವಳ ತಲೆಗೇ ಬಂದವು.

ಡಾಕ್ಟರು ಯಶ್ವಂತನನ್ನು ಕೇಳಿದರು: ಇವರು ನಿಮ್ಮ ತಾಯಿ, ಇವರ ಭಾಷೆಯಲ್ಲಿ ಆ ಪದಕ್ಕೆ ಈ ಅರ್ಥ ಇದೆಯೇ?

ಯಶ್ವಂತನಿಗೆ ಕನ್ನಡ ಮಾತಾಡಲು ಬಾರದು, ನಿಜ. ಆದರೆ ಗದಗಿನ ತಂಗಿಯ ಜೊತೆ ಹೇಮಾಕ್ಷಿ ಫೋನಿನಲ್ಲಿದ್ದಾಗ, "ತಡಿ, ಯಶ್ವಂತನ ಕೈಯಾಗ ಫೋನ್ ಕೊಡ್ತೀನಿ" ಅಂದ ಕೂಡಲೇ ಎದ್ದು ಬಾತ್‌ರೂಮಿಗೆ ಓಡುತ್ತಿದ್ದವನು ಇವನೇ. ಹತ್ತು ವರ್ಷದ ಹುಡುಗನಾಗಿದ್ದಾಗಲೂ ಓಡಿದ್ದಾನೆ, ಮದುವೆಯಾದ ಮೇಲೂ ಓಡಿದ್ದಾನೆ. ಅರ್ಥ ಗೊತ್ತಿಲ್ಲದವನು ಯಾಕೆ ಓಡುತ್ತಾನೆ? ಹೇಮಾಕ್ಷಿ ಅವನ ಮುಖವನ್ನೇ ನೋಡುತ್ತಿದ್ದಳು. ಅವನು ಹೆಂಡತಿಯನ್ನು ನೋಡಿದ, ಅತ್ತೆಯನ್ನು ನೋಡಿದ, ಕೊನೆಗೆ ನೆಲ ನೋಡಿದ.

"ನನಗೆ ಆ ಭಾಷೆ ಗೊತ್ತಿಲ್ಲ ಡಾಕ್ಟರ್," ಎಂದ ಇಂಗ್ಲಿಷಿನಲ್ಲಿ.

ಅಷ್ಟು ಇಂಗ್ಲಿಷ್ ಹೇಮಾಕ್ಷಿಗೂ ಬರುತ್ತಿತ್ತು.

ಡಾಕ್ಟರು ಇನ್ನೂ ಒಂದು ತಾಸು ಪ್ರಶ್ನೆ ಕೇಳಿ, ಕೂಸಿನ ಬೆನ್ನು ಕೈಕಾಲು ನೋಡಿ, ಬೇರೆ ಗುರುತಿಲ್ಲವೆಂದು ಬಿಟ್ಟರು. ಅವರು ಬಿಟ್ಟರು, ಮನೆಯವರು ಬಿಡಲಿಲ್ಲ. ಉಳಿದ ಎರಡು ದಿನ ಹೇಮಾಕ್ಷಿ ಹೋಟೆಲಿನ ಕೋಣೆಯಲ್ಲಿ ಒಬ್ಬಳೇ ಇದ್ದಳು. ವಿಶ್ರಾಂತಿ ತೆಗೆದುಕೊಳ್ಳಿ ಅತ್ತಯ್ಯ ಎಂದಿದ್ದಳು ಹಾರಿಕಾ, ಬಲು ಮರ್ಯಾದೆಯಿಂದ. ವಿಶಾಖಪಟ್ಟಣಕ್ಕೆ ಮರಳಿದ ಹನ್ನೆರಡನೆಯ ದಿನ ಹಾರಿಕಾ ಮನೆಯಿಂದ ಕೆಲಸ ಮಾಡುವ ಅನುಮತಿ ಪಡೆದು, ಕೂಸನ್ನು ಕರೆದುಕೊಂಡು ಭವಾನಿಪುರಂಗೆ ಹೋದಳು. ಯಶ್ವಂತ್ ಶುಕ್ರವಾರ ಸಂಜೆ ಅಲ್ಲಿಗೆ ಹೋಗಿ ಸೋಮವಾರ ಬರುತ್ತಿದ್ದ. ಆ ಪದದ ಬಗ್ಗೆ ಅವನು ಒಮ್ಮೆಯೂ ಬಾಯಿ ಬಿಡಲಿಲ್ಲ. ಅವಳೂ ಕೇಳಲಿಲ್ಲ. ಕೇಳಿದರೆ ಅವನು ನಿಜ ಹೇಳಿಬಿಟ್ಟಾನು ಎಂಬ ಹೆದರಿಕೆ. ಅವಳು ಮತ್ತೆ ಕನ್ನಡಕದ ಅಂಗಡಿಗೆ ಹೋಗತೊಡಗಿದಳು.

ಒಂಬತ್ತು ತಿಂಗಳಾದ ಮೇಲೆ ಅವಳೇ ವಿಜಯವಾಡದ ರೈಲು ಹತ್ತಿದಳು. ಯಾರೂ ಬೇಡ ಅಂದಿರಲಿಲ್ಲ, ಬಾ ಅಂತಲೂ ಅಂದಿರಲಿಲ್ಲ. ಬಣ್ಣದ ಮರದ ಬುಗುರಿಯೊಂದನ್ನು ಕೊಂಡಿದ್ದಳು, ಸಿಹಿ ಯಾವುದನ್ನೂ ಒಯ್ಯಲಿಲ್ಲ. ಕನಕಲಕ್ಷ್ಮಿ ಬಾಗಿಲು ತೆಗೆದು, ನಗುತ್ತಲೇ ಒಳಗೆ ಕರೆದು, ಕಾಫಿಗೆ ಹಾಲು ಕಾಯಿಸಲು ಹೋದಳು. ಹಾರಿಕಾ ಒಳಕೋಣೆಯಲ್ಲಿ ಮೀಟಿಂಗಿನಲ್ಲಿದ್ದಳು. ಹಾಲ್‌ನಲ್ಲಿ ಚರಣ್ ಕಾರಿನ ಸಾಲು ಮಾಡುತ್ತ ಕೂತಿದ್ದ. ಉದ್ದ ಬೆಳೆದಿದ್ದ. ಹೇಮಾಕ್ಷಿ ಬುಗುರಿಯನ್ನು ಬೆನ್ನ ಹಿಂದೆ ಬಚ್ಚಿಟ್ಟು, ಮೊದಲಿನ ಹಾಗೇ ಕರೆದಳು:

"ಬಾರಪಾ ಚರಣಾ, ಅಜ್ಜಿ ಏನ್ ಕೊಡ್ತಾಳ ನೋಡು ಬಾ."

ಕೂಸು ತಲೆ ಎತ್ತಿತು. ಬೆನ್ನ ಹಿಂದಿದ್ದ ಅವಳ ಕೈ ನೋಡಿತು. ಎರಡೂ ಕೈ ಎತ್ತಿ ಮುಖಕ್ಕೆ ಅಡ್ಡ ಹಿಡಿದುಕೊಂಡಿತು.

ಒಳಗೆ ಹಾಲು ಉಕ್ಕುವ ಸದ್ದು ಕೇಳಿಸುತ್ತಿತ್ತು. ಅವಳು ಮಂಡಿಯೂರಿ ಕೂತು, ಕೈ ಮುಂದೆ ತಂದು, ಬುಗುರಿಯನ್ನು ಅಂಗೈ ಮೇಲಿಟ್ಟು, ಅಂಗಡಿಯಲ್ಲಿ ಗಿರಾಕಿಗಳೊಡನೆ ಆಡುವ ಆ ಮೆತ್ತಗಿನ ದನಿಯಲ್ಲಿ ಹೇಳಿದಳು: "ಇದಿ ನೀಕೇ ನಾನ್ನಾ. ನಾನಮ್ಮ ಇಸ್ತುಂದಿ, ರಾ." ಇದು ನಿನಗೇ ಕಂದ, ನಾನಮ್ಮ ಕೊಡುತ್ತಾಳೆ, ಬಾ.

ಚರಣ್ ಕೈ ಇಳಿಸಿದ. ಎದ್ದು ಬಂದು ಬುಗುರಿ ತೆಗೆದುಕೊಂಡ. "ಥ್ಯಾಂಕ್ಯೂ ನಾನಮ್ಮಾ" ಎಂದ. ಒಂದಕ್ಷರ ತಪ್ಪಿಲ್ಲ, ಚೆನ್ನಾಗಿ ಕಲಿಸಿದ್ದರು.