ಕಾರಿನ ಬೆವರು

ಕಾರು ಹತ್ತುವ ಮೊದಲು ನಮ್ಮಮ್ಮನಿಗೊಂದು ಅಭ್ಯಾಸವಿತ್ತು. ನೀವು ಪಕ್ಕದಲ್ಲೇ ನಿಂತಿದ್ದರೂ ಗಮನಕ್ಕೆ ಬಾರದಷ್ಟು ಸಣ್ಣದು. ಹಿಂಬದಿಯ ಎಡಬಾಗಿಲಿನ ಹಿಡಿಕೆಯ ಕೆಳಗೆ ಹೆಬ್ಬೆರಳಿನಿಂದ ಒಮ್ಮೆ ಸವರಿ, ಆಮೇಲಷ್ಟೇ ಸೆರಗು ಸರಿಮಾಡಿಕೊಂಡು ಒಳಗೆ ಕೂರುತ್ತಿದ್ದಳು. ಅಲ್ಲಿದ್ದದ್ದು ಜೋಳದ ಕಾಳಿನಷ್ಟು ಗಾತ್ರದ, ಗಟ್ಟಿಯಾದ ಬಣ್ಣದ ಹನಿ. ಕಾರ್ಖಾನೆಯಲ್ಲಿ ಬಣ್ಣ ಹೊಡೆಯುವಾಗ ಯಾರದೋ ಕೈ ಒಂದು ಗಳಿಗೆ ಹೆಚ್ಚು ತಡೆದು, ಬಣ್ಣ ಜಾರಿ, ಜಾರಿದಲ್ಲೇ ಒಣಗಿಬಿಟ್ಟಿತ್ತು.

ಹೆಸರು ಬರೆಸಿ ವರ್ಷಗಟ್ಟಲೆ ಕಾದ ಮೇಲೆ ಶಿಕಾರಿಪುರದ ನಮ್ಮ ಮನೆಯ ಮುಂದೆ ಆ ಕಾರು ಬಂದು ನಿಂತ ದಿನ, ನೋಡಲು ಸೇರಿದವರಲ್ಲಿ ಒಬ್ಬರು ಆ ಹನಿಯನ್ನು ಪತ್ತೆಹಚ್ಚಿ, ಕಂಪನಿಗೆ ಬರೆದರೆ ಬದಲಿಸಿಕೊಡುತ್ತಾರೆಂದು ಅಪ್ಪನಿಗೆ ಉಪದೇಶ ಮಾಡಿದರಂತೆ. ಭತ್ತದ ವ್ಯಾಪಾರಿಯಾದ ಅಪ್ಪ, ಸಿಕ್ಕಿದ್ದನ್ನು ಮತ್ತೆ ಕೈಬಿಡುವ ಆಸಾಮಿಯಲ್ಲ. “ಅಷ್ಟು ದೂರದಿಂದ ಬಂದೈತೆ, ಬೆವ್ತೈತೆ ಪಾಪ,” ಎಂದುಬಿಟ್ಟನಂತೆ. ಆಗಷ್ಟೇ ಸೊರಬದಿಂದ ಸೊಸೆಯಾಗಿ ಬಂದು, ತಲೆಯೆತ್ತಲೂ ಅಳುಕುತ್ತಿದ್ದ ಅಮ್ಮ ಆ ಮನೆಯ ಹಿರಿಯರೆದುರು ಬಾಯಿ ತುಂಬ ನಕ್ಕದ್ದು ಅದೇ ಮೊದಲು. ಅಂದಿನಿಂದ ಆ ಹನಿಗೆ ನಮ್ಮ ಮನೆಯಲ್ಲಿ ಬೆವರು ಎಂದೇ ಹೆಸರು.

ಇಷ್ಟು ಗೊತ್ತಿದ್ದೂ ನಾನು ಮಾಡಿದ್ದನ್ನು ಕೇಳಿ. ತೊಂಬತ್ತರ ದಶಕದ ನಡುವಿನಲ್ಲಿ, ಅಪ್ಪ ತೀರಿಕೊಂಡು ಮೂರು ವರ್ಷವಾಗಿತ್ತು. ಕಾರು ಗೋದಾಮಿನಲ್ಲಿ ಧೂಳು ತಿನ್ನುತ್ತ ಬಿದ್ದಿತ್ತು. ಅದನ್ನು ಬಂದ ದಿನದ ಹಾಗೆಯೇ ಮಾಡಿ ಅಮ್ಮನೆದುರು ನಿಲ್ಲಿಸಬೇಕೆಂಬ ಹುಮ್ಮಸ್ಸು ನನ್ನನ್ನು ಹಿಡಿಯಿತು. ಪರರ ಮನೆಯಲ್ಲೂ ಓರೆಯಾದ ಕ್ಯಾಲೆಂಡರನ್ನು ಎದ್ದು ನೇರ ಮಾಡಿ ಬರುವ ಜಾಯಮಾನ ನನ್ನದು. ಸೊರಬದಲ್ಲಿ ಜಬ್ಬಾರ್ ಸಾಹೇಬರೆಂಬ ಪೇಂಟರ್ ಇದ್ದರು. ಅವರು ಬಣ್ಣ ಹೊಡೆದ ಬಾಗಿಲಿನಲ್ಲಿ ಮುಖ ನೋಡಿಕೊಂಡು ಕ್ರಾಪು ತೀಡಿಕೊಳ್ಳಬಹುದೆಂಬ ಖ್ಯಾತಿ. ಕಾರು ಅವರ ಶೆಡ್ಡು ಸೇರಿತು. ಉಳಿದದ್ದೆಲ್ಲವನ್ನೂ ಉಜ್ಜಿ ಮುಗಿಸಿದವರು ಆ ಹನಿಯ ಬಳಿ ಕೈ ತಡೆದು ನನ್ನನ್ನು ಕರೆಸಿದರು. ಬಾಗಿಲ ರಬ್ಬರಿನ ಅಡಿಯಲ್ಲಿ ಉಳಿದಿದ್ದ ಮೂಲ ಬಣ್ಣವನ್ನೂ ಹನಿಯನ್ನೂ ತೋರಿಸಿ, ಎರಡೂ ಒಂದೇ ದಿನದ್ದೆಂದು ವಿವರಿಸಿದರು.

“ಇದು ಗಾಯ ಅಲ್ರೀ, ಹುಟ್ಟುಮಚ್ಚೆ. ಉಜ್ಜಿದ್ರೆ ಮತ್ತೆ ಬರಲ್ಲ. ಒಂದ್ಸಲ ಅಮ್ಮಾರನ್ನ ಕೇಳ್ರಿ.”

ಕೇಳಿದರೆ ಅಚ್ಚರಿ ಕೆಡುತ್ತದೆಂದು ನಾನು ಕೇಳಲಿಲ್ಲ, ಉಜ್ಜಿಬಿಡಿ ಎಂದೆ. ಹೊಸದೆಂದರೆ ಕುಂದಿಲ್ಲದ್ದು ಎಂದು ನನ್ನ ತಲೆಯಲ್ಲಿ ಕೂತಿತ್ತು. ಹೊಸದಾಗಿದ್ದಾಗಲೇ ಅದಕ್ಕೆ ಆ ಕುಂದಿತ್ತೆಂಬುದು ಹೊಳೆಯಲೇ ಇಲ್ಲ. ಅಮ್ಮನ ಹೆಬ್ಬೆರಳನ್ನು ಅಷ್ಟು ವರ್ಷ ನೋಡಿಯೂ ನಾನು ನೋಡಿರಲಿಲ್ಲ.

ಮಿರಮಿರ ಮಿಂಚುತ್ತ ಬಂದ ಕಾರಿಗೆ ಅಮ್ಮ ಒಂದು ಸುತ್ತು ಬಂದು ಸಾಹೇಬರ ಕೈಕೆಲಸವನ್ನು ಮೆಚ್ಚಿದಳು. ಹತ್ತುವಾಗ ಹೆಬ್ಬೆರಳು ಹಿಡಿಕೆಯ ಕೆಳಗೆ ಹೋಯಿತು, ಜಾರಿತು, ಇನ್ನೊಮ್ಮೆ ಹುಡುಕಿತು. ಚೆನ್ನಾಗಿದೆ ಎಂದಳು, ಕೂತಳು. ಅಂಜನಾಪುರದ ಕೆರೆಯವರೆಗೆ ಹೋಗಿ ಬರುವಷ್ಟು ಹೊತ್ತೂ ಅವಳ ಕೈಗಳು ಮಡಿಲಲ್ಲೇ ಇದ್ದವು. ಅಪ್ಪನ ನಗೆಮಾತನ್ನು ನಾನೇ ಉಜ್ಜಿಸಿ ಹಾಕಿದ್ದೆನೆಂದು ನನಗೆ ಆಗ ಹೊಳೆಯಿತು.

ನಮ್ಮ ಭಾಷೆ ಎಷ್ಟು ಜಾಣೆ ನೋಡಿ: ಕಳಂಕಕ್ಕೂ ಕಲೆ ಎನ್ನುತ್ತದೆ, ಕುಶಲ ಕೈಯ ಕೆಲಸಕ್ಕೂ ಕಲೆ ಎನ್ನುತ್ತದೆ. ಒಂದನ್ನು ತೆಗೆಯಲು ಹೊರಟವನಿಗೆ ಇನ್ನೊಂದು ಎಲ್ಲಿ ಅಂಟಿಕೊಂಡಿದೆಯೆಂದು ತಿಳಿಯುವುದು ಕಷ್ಟ. ಆ ಕಾರಿನಲ್ಲಿ ಯಂತ್ರ ಮಾಡಿದ್ದು ಬೇಕಾದಷ್ಟಿತ್ತು. ಒಬ್ಬ ಮನುಷ್ಯ ಅಲ್ಲಿದ್ದನೆಂದು ಹೇಳಲು ಆ ಹನಿಯೊಂದೇ ಇತ್ತು. ಅಸಲನ್ನು ಮರಳಿ ತರುತ್ತೇನೆಂದು ಹೊರಟ ನಾನು ಅದನ್ನೇ ಅಳಿಸಿದ್ದೆ.

ಮತ್ತೆ ಸೊರಬಕ್ಕೆ ಹೋದೆ. ಸಾಹೇಬರು ಆಗಲೇ ಹೇಳಿರಲಿಲ್ಲವೇ ಎಂದು ಚುಚ್ಚಲಿಲ್ಲ. ಒಂದು ತಗಡು ನಿಲ್ಲಿಸಿಕೊಂಡು ಹನಿ ಇಳಿಸುವ ಅಭ್ಯಾಸಕ್ಕೆ ನಿಂತರು. ಹನಿ ಇಳಿಯದಂತೆ ಮೂವತ್ತು ವರ್ಷ ಪಳಗಿದ ಕೈ; ಬಣ್ಣ ದಪ್ಪವಾಗುವಷ್ಟರಲ್ಲಿ ತಾನಾಗಿಯೇ ಪಕ್ಕಕ್ಕೆ ಸರಿದುಬಿಡುತ್ತಿತ್ತು. ಬೇಕೆಂದೇ ತಪ್ಪು ಮಾಡುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ ಎಂದು ಹಣೆ ಒರೆಸಿಕೊಂಡು ನಕ್ಕರು. ಮಧ್ಯಾಹ್ನದ ಹೊತ್ತಿಗೆ, ತಮ್ಮ ಹೆಸರಿಗೇ ಕುಂದು ತರುವಂಥ ಹನಿಯೊಂದನ್ನು ಅದೇ ಬಾಗಿಲಿನ ಅದೇ ಜಾಗದಲ್ಲಿ ಇಳಿಸಿದರು.

ಅದು ಒಣಗಿದ ಮೇಲೆ ಕಾರನ್ನು ತಂದು ನಿಲ್ಲಿಸಿ, ಬಾಗಿಲ ಬಳಿ ನಿಂತೆ. ಅಮ್ಮನ ಹೆಬ್ಬೆರಳು ಹೋಯಿತು, ಹನಿಯ ಮೇಲೆ ನಿಂತಿತು, ಸುತ್ತ ಒಮ್ಮೆ ಆಡಿತು.

“ಇದು ಅವತ್ತಿಂದಲ್ಲ ಕಣೋ,” ಎಂದಳು. ನನ್ನ ಮುಖ ಪೆಚ್ಚಾಯಿತು. ಅವಳು ಬೆರಳು ತೆಗೆಯದೆ ಇನ್ನೊಂದು ಗಳಿಗೆ ತಡೆದು, “ಸಾಬ್ರು ಬೆವ್ತಿದಾರೆ ಪಾಪ,” ಎಂದು ಬಾಯಿ ತುಂಬ ನಕ್ಕು, ಸೆರಗು ಸರಿಮಾಡಿಕೊಂಡು ಒಳಗೆ ಕೂತಳು.